ಚಿಕ್ಕಪ್ಪನ ನಿದ್ದೆಯ ಪ್ರದರ್ಶನ

ನಮ್ಮ ಚಿಕ್ಕಪ್ಪ ನಿದ್ದೆಗೆ ಹೆಸರುವಾಸಿ. ಪತ್ರಿಕೆ ಅಚ್ಚಾಗುವ ಪ್ರೆಸ್ಸಿನಲ್ಲಿ ರಾತ್ರಿಪಾಳಿ. ಊರೆಲ್ಲ ಏಳುವ ಹೊತ್ತಿಗೆ ಮನೆಗೆ ಬಂದು, ಕೈಯ ಮಸಿ ಪೂರ್ತಿ ಹೋಗುವ ಮೊದಲೇ ಗೊರಕೆ ಹೊಡೆಯುತ್ತಿದ್ದರು. ಹಗಲಲ್ಲಿ ಆ ಮನೆಯಲ್ಲಿ ಕುಕ್ಕರ್ ಕೂಗುವ ಹಾಗಿಲ್ಲ, ರೇಡಿಯೋ ಹಾಕುವ ಹಾಗಿಲ್ಲ. ಕರೆಗಂಟೆಯ ತಂತಿಯನ್ನು ಚಿಕ್ಕಮ್ಮನೇ ಕತ್ತರಿಸಿದ್ದಳು. ಸದ್ದಿಲ್ಲದ ಕೆಲಸವೆಂದು ಪೆನ್ಸಿಲ್ ಹಿಡಿದವಳು, ಎದುರಿಗೆ ಅಲ್ಲಾಡದೆ ಬಿದ್ದಿದ್ದ ಗಂಡನನ್ನೇ ಬಿಡಿಸತೊಡಗಿದಳು. ಬೋರಲು ಮಲಗಿದ ಚಿಕ್ಕಪ್ಪ, ಕುರ್ಚಿಯಲ್ಲಿ ಜೋತುಬಿದ್ದ ಚಿಕ್ಕಪ್ಪ, ಒಂದೇ ಕಾಲಿಗೆ ಸಾಕ್ಸ್ ಇರುವ ಚಿಕ್ಕಪ್ಪ.

ಆಮೇಲೆ ಚಿಕ್ಕಪ್ಪ ನಿವೃತ್ತರಾದರು, ಹಗಲುನಿದ್ದೆ ಮಾತ್ರ ನಿವೃತ್ತಿ ಆಗಲಿಲ್ಲ. ಚಿಕ್ಕಮ್ಮ ಗಟ್ಟಿ ಮನಸ್ಸು ಮಾಡಿ, ಆ ಚಿತ್ರಗಳ ಪ್ರದರ್ಶನಕ್ಕೆಂದು ಗ್ರಂಥಾಲಯದ ಸಭಾಂಗಣವನ್ನು ಒಂದು ಸಂಜೆಗೆ ಕೇಳಿ ಪಡೆದಳು. ತನಗಾಗಿ ಅಂತ ಅವಳು ಯಾರನ್ನಾದರೂ ಕೇಳಿದ್ದು ಅದೊಂದೇ. ಚಿಕ್ಕಪ್ಪ ಮುಖ ಗಂಟಿಕ್ಕಿಕೊಂಡರು. ಬಾಯಿ ಬಿಟ್ಟುಕೊಂಡು ಬಿದ್ದಿರುವುದನ್ನು ನಾಲ್ಕು ಜನಕ್ಕೆ ತೋರಿಸಿ ಮಾನ ಕಳೆಯುತ್ತೀಯಾ ಎಂದರು, ತಾನಂತೂ ಅತ್ತ ತಲೆ ಹಾಕುವುದಿಲ್ಲವಂತೆ.

ಆ ದಿನ ನಾನೂ ಚಿಕ್ಕಮ್ಮನೂ ಮೊದಲೇ ಹೋಗಿ ಗೋಡೆಗೆ ಮೊಳೆ ಹೊಡೆದೆವು. ಚೌಕಟ್ಟಿನ ಅಂಗಡಿಯವನು ಚಿತ್ರಗಳನ್ನು ಮನೆಗೆ ತಲುಪಿಸುವುದು, ಚಿಕ್ಕಪ್ಪ ಅವನ್ನು ಆಟೋದಲ್ಲಿ ಕಳಿಸುವುದು ಎಂದು ಮಾತಾಗಿತ್ತು. ಅಂಗಡಿಯವನು ಬಂದ, ಸತ್ತ ಕರೆಗಂಟೆಯನ್ನು ಒತ್ತಿದ, ಮತ್ತೆ ಒತ್ತಿದ, ಮನೆಯಲ್ಲಿ ಯಾರೂ ಇಲ್ಲವೆಂದು ವಾಪಸ್ ಹೋಗಿ ಚಿತ್ರಗಳ ಸಮೇತ ಅಂಗಡಿಗೆ ಬೀಗ ಜಡಿದು ಮಾವನ ಊರಿಗೆ ಹೊರಟೇಬಿಟ್ಟ. ಒಳಗೆ ಚಿಕ್ಕಪ್ಪ ನಿದ್ದೆಯಲ್ಲಿದ್ದರು. ಆಮೇಲೆ ಚಿಕ್ಕಪ್ಪನಿಂದ ಸುದ್ದಿ ತಿಳಿದಾಗ ಯಾರನ್ನು ಬೈಯಬೇಕೋ ಗೊತ್ತಾಗದೆ ಅಂಗಡಿಯವನು, ಚಿಕ್ಕಪ್ಪ, ತಂತಿ ಕತ್ತರಿಸಿದ ಚಿಕ್ಕಮ್ಮ, ಮೂವರನ್ನೂ ಮನಸ್ಸಿನಲ್ಲೇ ಬೈದೆ.

ಎಚ್ಚರವಾಗಿ, ಅಂಗಡಿಯವನಿಗೆ ಫೋನ್ ಮಾಡಿ ವಿಷಯ ತಿಳಿದ ಚಿಕ್ಕಪ್ಪ, ಎರಡು ಕಾಲಿಗೆ ಎರಡು ಥರದ ಚಪ್ಪಲಿ ಮೆಟ್ಟಿಕೊಂಡು ಓಡಿ ಬಂದರು. ಅಷ್ಟರಲ್ಲಿ ಜನ ಸೇರಿದ್ದರು. ಬರೀ ಮೊಳೆ ನೋಡಿ ಯಾರೋ ಕಿಸಕ್ಕನೆ ನಕ್ಕರು. ಚಿಕ್ಕಮ್ಮ ಕೈಯಲ್ಲಿದ್ದ ಸುತ್ತಿಗೆಯನ್ನು ಕೆಳಗಿಟ್ಟಳು. ಅವಳು ಗಂಡನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು.

"ಬನ್ನಿ, ಮಲಗಿ," ಎಂದಳು.

ಚಿಕ್ಕಪ್ಪ ಕಮಕ್ ಕಿಮಕ್ ಎನ್ನದೆ ಮಲಗಿದರು. ಮೊದಲ ಮೊಳೆಯ ಕೆಳಗೆ ಬೋರಲು, ಮುಂದಿನದರ ಕೆಳಗೆ ಕುರ್ಚಿಯಲ್ಲಿ ಜೋತುಬಿದ್ದು. ಚಿಕ್ಕಮ್ಮ ಪಕ್ಕದಲ್ಲಿ ನಿಂತು, ಕೈ ಇನ್ನೂ ಸ್ವಲ್ಪ ಮೇಲೆ ಅಂತ ತಿದ್ದುತ್ತಾ, ಒಂದೊಂದರ ಕತೆ ಹೇಳಿದಳು. ಗೊರಕೆ ಎಲ್ಲಿ ಅಂತ ಯಾರೋ ಕೇಳಿದ್ದಕ್ಕೆ ಚಿಕ್ಕಪ್ಪ ಅದನ್ನೂ ಹೊಡೆದು ತೋರಿಸಿದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಇದು ಯಂತ್ರಕ್ಕೆ ಬೆರಳು ಸಿಕ್ಕಿದ ಮರುದಿನದ್ದು, ನಿದ್ದೆಯಲ್ಲೂ ಹುಬ್ಬು ಗಂಟಾಗಿತ್ತು ಎಂದಳು ಚಿಕ್ಕಮ್ಮ. ಇದು ಮಗಳು ಹುಟ್ಟಿದ ವಾರದ್ದು, ಕೂಸು ಅತ್ತು ಇವರನ್ನು ಎಬ್ಬಿಸದಿರಲೆಂದು ಮಡಿಲಲ್ಲಿ ಹಾಕಿಕೊಂಡೇ ಬಿಡಿಸಿದ್ದು. ನಗು ನಿಂತಿತು, ಜನ ಹತ್ತಿರ ಬಂದು ನಿಂತರು. ಚಿಕ್ಕಪ್ಪನಿಗೆ ಮಾತ್ರ ಆ ಸಂಜೆ ನಿದ್ದೆ ಹತ್ತಿರ ಸುಳಿಯಲಿಲ್ಲ, ಕಣ್ಣು ಮುಚ್ಚಿಕೊಂಡೇ ಎಲ್ಲ ಕೇಳಿಸಿಕೊಳ್ಳುತ್ತಿದ್ದರು.

ಕೊನೆಯ ಮೊಳೆಯ ಕೆಳಗೆ ಮಲಗಿದ್ದ ಚಿಕ್ಕಪ್ಪ ಕಣ್ಣು ಬಿಟ್ಟರು.

"ಅಷ್ಟು ವರ್ಷ ಹಗಲೆಲ್ಲ ಒಬ್ಬಳೇ ಹೇಗೆ ಕಳೆದೆಯೇ ನೀನು?"

"ಒಬ್ಬಳೇ ಎಲ್ಲಿದ್ದೆ?" ಎಂದಳು ಚಿಕ್ಕಮ್ಮ. "ನಿಮ್ಮ ಜೊತೆ ಇದ್ದೆನಲ್ಲ."