ಕೊಂಬಿನ ಕುರಿ, ಮೂಳೆಯ ಕುದುರೆ

“ನಮಗೆ ಗೊಂಬೆ ಗಿಂಬೆ ಎಲ್ಲಿತ್ತು ಮಾರಾಯ್ತಿ? ಕುರಿ ತಿಂದು ಉಳಿದ ಮೂಳೆಯೇ ನಮ್ಮ ಆಟದ ಸಾಮಾನು. ಕೊಂಬು ಅಂದ್ರೆ ಕುರಿ, ದವಡೆ ಅಂದ್ರೆ ಹಸು, ಕಾಲಿನ ಮೂಳೆ ಅಂದ್ರೆ ಕುದುರೆ. ಕಡಲ ಚಿಪ್ಪು ನಾಯಿ. ಮನೆ ಹಿಂದಿನ ದಿಬ್ಬದ ಮೇಲೆ ಕಲ್ಲು ಜೋಡಿಸಿ ನನ್ನದೇ ಕೊಟ್ಟಿಗೆ ಕಟ್ಟಿದ್ದೆ. ಅಪ್ಪ ಬೇಲಿ ಸರಿಮಾಡಿದ ದಿನ ನಾನೂ ಬೇಲಿ ಸರಿಮಾಡ್ತಿದ್ದೆ. ಅಪ್ಪನ ಕುರಿ ಮರಿ ಹಾಕಿದ್ರೆ ನನ್ನ ಕೊಂಬೂ ಮರಿ ಹಾಕ್ತಿತ್ತು. ಆಮೇಲೆ ನಮ್ಮ ಕಣಿವೆಗೆ ನಡುಕರೋಗ ಬಂತು. ಯಾರದೋ ಒಂದು ಕುರಿ ಗೋಡೆಗೆ ಮೈ ಉಜ್ಜಿಕೊಂಡು ನಡುಗಿತು ಅಂತ ಕಣಿವೆಯ ಕುರೀನೆಲ್ಲ ಹೊಡೆದು ಹೂತರು. ಆ ರೋಗ ಮಣ್ಣಲ್ಲಿ, ಮರದಲ್ಲಿ ವರ್ಷಗಟ್ಟಲೆ ಅಡಗಿ ಕೂತಿರುತ್ತಂತೆ. ಮೇವಿನ ತೊಟ್ಟಿ ಸುಟ್ಟರು, ಕೊಟ್ಟಿಗೆ ಹಲಗೆ ಸುಟ್ಟರು. ಕೊನೆಗೆ ಅಪ್ಪ ದಿಬ್ಬಕ್ಕೆ ಬಂದು ‘ನಿನ್ನವೂ ಕೊಡು ಒಡ್ನಿ’ ಅಂದ. ಮಡಿಲಲ್ಲಿ ತುಂಬಿಕೊಂಡು ಹೋಗಿ ನಾನೇ ಬೆಂಕಿಗೆ ಹಾಕಿದೆ. ಅಪ್ಪನ ಕುರಿಗೆ ಅಳಲಿಲ್ಲ ನೋಡು. ನನ್ನವಕ್ಕೆ ಅತ್ತೆ.”

ಹೀಗೆಂದು ಒಡ್ನಿ ನನಗೆ ಅದೆಷ್ಟು ಸಲ ಹೇಳಿದ್ದಳೋ. ಐಸ್‌ಲ್ಯಾಂಡಿನ ಉತ್ತರ ತೀರದ ನಮ್ಮ ಬಂದರಿನಲ್ಲಿ ನಾವಿಬ್ಬರೂ ಮೀನು ಕತ್ತರಿಸುವ ಕೆಲಸ ಮಾಡುತ್ತಲೇ ಮುದುಕಿಯರಾದವರು. ಅವಳು ಮದುವೆಯಾಗಲಿಲ್ಲ. ತಂಗಿಯ ಮಗ ಬೆರ್ಗುರ್, ಅವನ ಮಗಳು ಉನ್ನುರ್, ಇಷ್ಟೇ ಅವಳ ಬಳಗ. ಹಳೆಯ ಸಾಮಾನು ಮಾರುವ ಸಂತೆ ಎಲ್ಲೇ ನೆರೆದರೂ ಹೋಗುವಳು. ಗಾಜಿನ ಲೋಟ, ಹೆಣಿಗೆಯ ಅಂಗಿ ಯಾವುದನ್ನೂ ಕಣ್ಣೆತ್ತಿ ನೋಡದೆ ಮೂಳೆಯ ಆಟಿಕೆ ಇದೆಯೇ ಎಂದು ಕೇಳುವಳು. ಪ್ರವಾಸಿಗರಿಗೆಂದು ಅಂಗಡಿಗಳಲ್ಲಿ ಹೊಸದಾಗಿ ಮಾಡಿಟ್ಟವು ಸಿಗುತ್ತಿದ್ದವು. “ಇದರ ಜೊತೆ ಯಾವ ಮಗು ಆಡಿದೆ?” ಎಂದು ಮುಖ ತಿರುಗಿಸುವಳು.

ಈ ವಸಂತದಲ್ಲಿ ಕೊನೆಗೂ ಸಿಕ್ಕಿತು. ಮೀಸೆಯವನೊಬ್ಬ, ಸತ್ತವರ ಮನೆಯ ಅಟ್ಟದಲ್ಲಿ ಸಿಕ್ಕಿದ್ದೆಂದು ಒಂದು ಮರದ ಪೆಟ್ಟಿಗೆ ತಂದಿದ್ದ. ತುಂಬ ಕೊಂಬು, ದವಡೆ, ಕಾಲುಮೂಳೆ. ಮಕ್ಕಳ ಕೈ ಆಡಿ ಆಡಿ ನುಣುಪಾಗಿದ್ದವು. ಅವನು ಹೇಳಿದ ಬೆಲೆ ಕೇಳಿ ನಾನು ಸುಮ್ಮನಿರಲಿಲ್ಲ.

“ಅಷ್ಟು ದುಡ್ಡಿಗೆ ಮಾಂಸದ ಸಮೇತ ಬರುತ್ತಲ್ಲಯ್ಯಾ!”

“ಮಾಂಸ ಒಂದು ದಿನಕ್ಕೆ ಅಜ್ಜಿ, ಇದು ನೂರು ವರ್ಷಕ್ಕೆ,” ಎಂದು ನಕ್ಕ.

ಒಡ್ನಿ ಚೌಕಾಸಿ ಮಾಡಲಿಲ್ಲ. ಒಂದು ಕೊಂಬನ್ನು ಬೆಳಕಿಗೆ ಹಿಡಿದು ನೋಡಿದಳು, ಎದೆಗೊತ್ತಿಕೊಂಡಳು, ದುಡ್ಡು ಕೊಟ್ಟೇಬಿಟ್ಟಳು. ಅಲ್ಲಿಂದ ನನ್ನ ಕಾರಿನಲ್ಲಿ ನೆಟ್ಟಗೆ ಬೆರ್ಗುರನ ಮನೆಗೆ. ಕುರಿಗಳು ಮರಿ ಹಾಕುವ ಕಾಲ. ಗಂಡ ಹೆಂಡತಿ ನಿದ್ದೆಗೆಟ್ಟು ಕೊಟ್ಟಿಗೆಯಲ್ಲೇ ಇದ್ದರು. ಪೆಟ್ಟಿಗೆಯನ್ನು ಉನ್ನುರಳ ಕೈಗಿಟ್ಟು, ಯಾವುದು ಕುರಿ ಯಾವುದು ಕುದುರೆ ಎಂದು ಹೇಳಿಕೊಟ್ಟು, ಅವರಿಗೆ ತೊಂದರೆ ಬೇಡವೆಂದು ಕಾಫಿಗೂ ನಿಲ್ಲದೆ ಹೊರಟೆವು.

ದಾರಿಯಲ್ಲಿ ಮಾತಿಗೆ ಮಾತು ಬಂದು ಕೇಳಿದೆ: “ಆ ಕೊಂಬಿನ ಮೇಲೆ ಕಾದ ಕಬ್ಬಿಣದ ಬರೆ ಇತ್ತಲ್ಲ, ಯಾರ ಗುರುತೇ ಅದು?”

“ನಮ್ಮ ಮನೆಗಿಂತ ಮೇಲಿನ ದಿಬ್ಬದ ಮನೆಯವರದು! ನಮ್ಮ ಕಣಿವೆಯದೇ. ಅದನ್ನ ನೋಡಿಯೇ ಅಲ್ವೇನೇ ನಾನು ಹಿಂದೆ ಮುಂದೆ ನೋಡದೆ...”

ನಾನು ತಿರುಗಿ ನೋಡಿದೆ. ಮುಖದಲ್ಲಿ ರಕ್ತವೇ ಇರಲಿಲ್ಲ.

“ಕಾರು ನಿಲ್ಲಿಸು,” ಎಂದಳು. “ಆ ಕಣಿವೆಯಿಂದ ಒಂದು ಹುಲ್ಲುಕಡ್ಡಿ ಆಚೆ ಬರಬಾರದು ಅಂದಿದ್ರು. ನಾನು ಬೆರ್ಗುರನ ಬಾಗಿಲಿಗೆ ತಂದಿಟ್ಟೆ.”

ಕಾರು ತಿರುಗಿಸಿ ಬೆರ್ಗುರನ ಮನೆಗೆ ಹಿಂದಿರುಗುವಾಗ ದಾರಿ ಸಾಗಲೇ ಇಲ್ಲ. ನನ್ನ ಬುದ್ಧಿ ನೋಡಿ, ಇನ್ನೊಂದು ಉಪಾಯ ಹೇಳಿದೆ. “ಮಗೂಗೆ ಏನೋ ಒಂದು ನೆಪ ಹೇಳಿ ಪೆಟ್ಟಿಗೆ ವಾಪಸ್ ತಗೊಂಡ್ರೆ ಸಾಕಲ್ವೇನೇ? ಒಣಗಿದ ಮೂಳೆ. ಏನೂ ಆಗಿರಲ್ಲ.”

ಅವಳು ಕಿಟಕಿಯ ಕಡೆಯಿಂದ ನನ್ನತ್ತ ತಿರುಗಿದಳು. “ಹೇಳಿದ್ರೆ ಅವನ ಮಂದೆ ಹೋಗಬಹುದು. ಹೇಳದೆ ಇದ್ದು, ನಾಲ್ಕು ವರ್ಷದ ಮೇಲೆ ಒಂದು ಕುರಿ ಗೋಡೆಗೆ ಮೈ ಉಜ್ಜಿದ್ರೆ? ಆಗ ಸುತ್ತಲಿನವರ ಮಂದೆಯೂ ಹೋಗುತ್ತೆ. ಬೇಗ ಓಡಿಸೇ.”

ಕೊಟ್ಟಿಗೆಯ ಬಾಗಿಲ ಹೊರಗೆ ಉನ್ನುರ್ ಕಲ್ಲುಗಳ ನಡುವೆ ಕೊಂಬು, ದವಡೆಗಳನ್ನು ಸಾಲಾಗಿ ನಿಲ್ಲಿಸಿದ್ದಳು. “ಇವು ಹೊರಗಿನ ಕುರಿ ಅಜ್ಜಿ, ಒಳಗೆ ಬಿಟ್ಟರೆ ನಡುಕರೋಗ ಬರುತ್ತೆ. ಅಪ್ಪ ಹೇಳಿದಾನೆ,” ಎಂದಳು ದೊಡ್ಡವರಂತೆ. ಒಡ್ನಿ ಅವಳ ಪಕ್ಕದಲ್ಲಿ ಕೂತು ಒಂದೊಂದನ್ನೇ ಎಣಿಸಿದಳು. ನಾನು ದೇವರಿಗೆ ಕೈ ಮುಗಿಯಬೇಕು, ಅಷ್ಟರಲ್ಲಿ ಅವಳು ಪೆಟ್ಟಿಗೆಯೊಳಗೆ ಕಣ್ಣಾಡಿಸಿದಳು.

“ಕಾಲುಮೂಳೆ ಎಲ್ಲಿ ಮಗಳೇ?”

“ಕುದುರೇನಾ? ಕುದುರೆಗೆ ಆ ರೋಗ ಬರಲ್ವಲ್ಲ! ಅದಕ್ಕೇ ಒಳಗೆ ಬಿಟ್ಟೆ. ಕಪ್ಪು ಕುರಿ ಹತ್ರ ಹುಲ್ಲು ತಿಂತಿವೆ.”

ಕುದುರೆಗೆ ಬರುವುದಿಲ್ಲ, ನಿಜ. ಆದರೆ ಆ ಕುದುರೆಗಳು ಕುರಿಯ ಕಾಲುಗಳು.

ಒಳಗಿಂದ ಬೆರ್ಗುರ್ ತೋಳಿನವರೆಗೆ ಒದ್ದೆಯಾಗಿಯೇ ಹೊರಬಂದ. “ಏನು ದೊಡ್ಡಮ್ಮ, ಕಾಫಿ ನೆನಪಾಯ್ತಾ?” ಎಂದು ನಗುತ್ತ ಕೇಳಿದ. ಒಡ್ನಿ ಎದ್ದು ನಿಂತು, ಬರೆಯ ಗುರುತಿನಿಂದ ಹಿಡಿದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ನಗು ಅವನ ಮುಖದಲ್ಲೇ ಹೆಪ್ಪುಗಟ್ಟಿತು.

“ನಿನಗೆ ಗೊತ್ತಿರಲಿಲ್ವಾ? ಬೇರೆ ಯಾರಾದ್ರೂ ಆಗಿದ್ರೆ ಸರಿ. ನೀನು! ನಿನಗೆ ಗೊತ್ತಿರಲಿಲ್ವಾ?”

“ಗೊತ್ತಿತ್ತು ಕಣೋ. ಗುರುತು ನೋಡಿದ ಸಂತೋಷಕ್ಕೆ ಮಂಕು ಕವೀತು. ಡಾಕ್ಟರಿಗೆ ಫೋನ್ ಮಾಡು. ನೀನು ಮಾಡದಿದ್ರೆ ನಾನು ಮಾಡ್ತೀನಿ.”

ಅವನೇ ಮಾಡಿದ. ಪಶುವೈದ್ಯೆ ಹೆರ್ದಿಸ್ ಬರುವವರೆಗೆ ನಾವು ಯಾರೂ ಅಲ್ಲಿಂದ ಕದಲಲಿಲ್ಲ. ಒಳಗೆ ಒಂದು ಕುರಿ ಮರಿ ಹಾಕುತ್ತ ನರಳುತ್ತಿತ್ತು. ಬೆರ್ಗುರನ ಹೆಂಡತಿ ಅದರ ಬಳಿ ಕೂತಿದ್ದಳು.

ಹೆರ್ದಿಸ್ ಬಂದು ಒಂದೊಂದು ಮೂಳೆಯನ್ನೂ ಚೀಲಕ್ಕೆ ತುಂಬಿದಳು. ಒಂದು ಕಾಲುಮೂಳೆಯ ತುದಿಯಲ್ಲಿ ಹಸಿ ಹಲ್ಲಿನ ಗುರುತು. ಹಲಗೆ ಅಡ್ಡ ಕಟ್ಟಿದ ಗೂಡಿನಲ್ಲಿ ತನ್ನ ಎರಡು ಮರಿಗಳೊಡನೆ ಬೇರೆಯಾಗಿದ್ದ ಕಪ್ಪು ಕುರಿ ಕಡಿದಿತ್ತು.

“ಬೇರೆಯವು ಈ ಗೂಡಿಗೆ ಬಂದಿಲ್ಲ, ಮೇವು ಇಲ್ಲಿಂದ ಆಚೆ ಹೋಗಿಲ್ಲ,” ಎಂದಳು. “ಈ ತಾಯಿ, ಇದರ ಎರಡು ಮರಿ, ಈ ಹುಲ್ಲು, ಈ ಹಲಗೆ ಇಷ್ಟನ್ನ ತೆಗೀಬೇಕು. ಉಳಿದವನ್ನ ಕೆಲವು ವರ್ಷ ಕಣ್ಣಿಟ್ಟು ನೋಡ್ತೀವಿ, ಮಾರೋ ಹಾಗಿಲ್ಲ. ಇವತ್ತೇ ಹೇಳಿದ್ರಿ ಅಂತ ಇಷ್ಟಕ್ಕೇ ನಿಂತಿತು ಬೆರ್ಗುರ್. ಒಂದು ವಾರ ಬಿಟ್ಟು ಹೇಳಿದ್ರೆ ಈ ಮಾತು ಆಡೋಕೆ ನನಗೆ ಆಗ್ತಿರಲಿಲ್ಲ.”

ಕಪ್ಪು ಕುರಿ ಉನ್ನುರಳದು. ಗಾಡಿಗೆ ಹತ್ತಿಸುವಾಗ ಅವಳು ಅಳಲಿಲ್ಲ, ಒಡ್ನಿಯ ಕಡೆ ನೋಡಲೂ ಇಲ್ಲ. “ನನ್ನದೇ ತಪ್ಪು ಮಗಳೇ, ನಿನ್ನದಲ್ಲ,” ಎಂದು ಒಡ್ನಿ ಅವಳಿಗೆ ಕೇಳಿಸುವಷ್ಟೇ ಮೆಲ್ಲಗೆ ಹೇಳಿದಳು. ಉನ್ನುರ್ ಹೋಗಿ ಖಾಲಿಯಾದ ತನ್ನ ಕಲ್ಲುಗಳ ನಡುವೆ ಕೂತಳು.

ಗಾಡಿ ಹೋದ ಮೇಲೆ ಬೆರ್ಗುರ್ ಗೂಡಿನ ಹಲಗೆಗಳನ್ನು ಕೀಳತೊಡಗಿದ. ಒಡ್ನಿ ಬಾಗಿಲಲ್ಲೇ ನಿಂತಿದ್ದಳು, ಹೋಗಲೂ ಆಗದೆ, ಒಳಗೆ ಬರಲೂ ಆಗದೆ. ಅವನು ತಿರುಗದೆಯೇ ಗದರಿದ:

“ಸುಮ್ಮನೆ ನಿಂತು ಏನು ನೋಡ್ತೀಯ ದೊಡ್ಡಮ್ಮ? ಬೂಟು ಬದಲಾಯಿಸು. ಉಳಿದವಕ್ಕೆ ಯಾರು ಮೇವು ಹಾಕೋದು?”

ಅವಳು ಮನೆಯವರ ಬೂಟು ಮೆಟ್ಟಿಕೊಂಡು, ಔಷಧಿ ನೀರಿನ ತೊಟ್ಟಿಯಲ್ಲಿ ಅದ್ದಿ, ಆಚೆ ಬದಿಯ ಸಾಲಿಗೆ ನಡೆದಳು. ಹುಲ್ಲನ್ನು ತೋಳ ತುಂಬ ಎತ್ತಿ, ಬಿಡಿಸಿ ಬಿಡಿಸಿ ಒಂದೊಂದೇ ತೊಟ್ಟಿಗೆ ಹಾಕತೊಡಗಿದಳು. ಕುರಿಗಳು ಒಂದನ್ನೊಂದು ದೂಡುತ್ತ ಬಂದು ಬಾಯಿ ಹಾಕಿದವು.