ಗಂಗಮ್ಮ ದೊಡ್ಡಮ್ಮನ ರಿವಾಲ್ವರ್

ಗಂಗಮ್ಮ ದೊಡ್ಡಮ್ಮ ಯಾರ ಮನೆಗೆ ಹೋದರೂ ಗೋಡೆಗೆ ಬೆನ್ನು ಕೊಟ್ಟು, ಬಾಗಿಲಿಗೆ ಮುಖ ಮಾಡಿಯೇ ಕೂರುತ್ತಿದ್ದಳು. ಸೋಫಾ ಕೋಣೆಯ ನಡುವೆ ಇದ್ದರೆ ಅದನ್ನು ಮುಟ್ಟುತ್ತಿರಲಿಲ್ಲ, ಚಾಪೆ ಕೇಳಿ ಹಾಸಿಕೊಂಡು ಮೂಲೆ ಹಿಡಿಯುತ್ತಿದ್ದಳು. ತೊಡೆಯ ಮೇಲೆ ಹಸಿರು ಕ್ಯಾನ್ವಾಸಿನ ಕೈಚೀಲ. ಚಹಾ ಕೊಟ್ಟರೆ ಮೊದಲು ಮೂಸುವುದು, ಆಮೇಲೆ ಕೊಟ್ಟವರ ಮುಖ ನೋಡುವುದು, ಕುಡಿಯುವುದು ಕಡೆಗೆ. ನಾನು ಅವಳ ಒಡಹುಟ್ಟಿದ ತಂಗಿಯ ಮಗಳು. ಮದುವೆಯಾಗಿ ಹೊಸಪೇಟೆಗೆ ಬಂದ ಹೊಸದರಲ್ಲಿ ನಾನು ಮಾಡಿಕೊಟ್ಟ ಚಹಾವನ್ನೂ ಅವಳು ಹೀಗೇ ಮೂಸಿದಾಗ ನನಗೆ ಮೈ ಉರಿದುಹೋಯಿತು.

"ಏನ್ ದೊಡ್ಡಮ್ಮ, ನಾ ಇದಕ್ಕ ವಿಷ ಹಾಕೀನೇನು?"

"ನೀ ಹಾಕೂದಿಲ್ಲವ್ವ. ಹಾಲು ಹಾಕೋನು ಏನು ಹಾಕ್ಯಾನೋ ಯಾರಿಗೆ ಗೊತ್ತು?"

ಆ ಕೈಚೀಲದಲ್ಲಿ ರಿವಾಲ್ವರ್ ಇತ್ತು. ಅವಳ ಊರು ಕಂಪ್ಲಿಗೆ ಕಂಪ್ಲಿಯೇ ಅದನ್ನು ಬಲ್ಲದು. ಎಂದೋ ಸಂಡೂರಿನ ಗಣಿಯೊಂದರ ಮ್ಯಾನೇಜರ್ ಊರು ಬಿಟ್ಟು ಹೋಗುವಾಗ ಅವಳ ಮಾವನಿಗೆ ಮಾರಿದ್ದಂತೆ. ಅಗಲ ನಳಿಗೆಯ, ಕಪ್ಪು ಕಬ್ಬಿಣದ, ಒಂದೇ ಕೈಯಲ್ಲಿ ಎತ್ತಿದರೆ ಮಣಿಕಟ್ಟು ಬಾಗುವಂಥ ಹಳೆಯ ಸಾಮಾನು. ಮಾವನಿಂದ ಅದು ದೊಡ್ಡಪ್ಪನಿಗೆ ಬಂತು. ದೊಡ್ಡಪ್ಪ ತೀರಿಕೊಂಡ ಮೇಲೆ ಅಕ್ಕಿ ಗಿರಣಿಯ ಜೊತೆಗೆ ಅದೂ ದೊಡ್ಡಮ್ಮನ ಪಾಲಿಗೆ ಬಂತು. ಮಕ್ಕಳಿರಲಿಲ್ಲ. ಕಚೇರಿಗೆ ಓಡಾಡಿ ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಸಿಕೊಂಡಳು.

ದೊಡ್ಡಪ್ಪನ ವರ್ಷದ ತಿಥಿಯ ದಿನ ಊಟವಾದ ಮೇಲೆ ನಡೆದ ಚರ್ಚೆ ನನಗೆ ಇನ್ನೂ ನೆನಪಿದೆ. ಎಲೆ ಅಡಿಕೆ ತಟ್ಟೆಯ ಸುತ್ತ ಕುಳಿತವರಲ್ಲಿ ರಿವಾಲ್ವರ್ ಬಗ್ಗೆ ಅಭಿಪ್ರಾಯವಿಲ್ಲದವರು ಒಬ್ಬರೂ ಇರಲಿಲ್ಲ. ಔಷಧಿ ಅಂಗಡಿ ನಡೆಸುವ ನನ್ನ ಗಂಡ, ಖಾರದ ಪುಡಿಯಷ್ಟು ಒಳ್ಳೆಯ ಆಯುಧ ಇನ್ನೊಂದಿಲ್ಲ ಎಂದರು. ಗಿರಣಿಯ ಹಮಾಲಿ ಹನುಮಂತ, ಬಾಗಿಲ ಹಿಂದೆ ಒಂದು ಬಡಿಗೆ ಇದ್ದರೆ ಸಾಕು, ಅದಕ್ಕೆ ಲೈಸೆನ್ಸೂ ಬೇಡ ಎಂದ. ದೊಡ್ಡಮ್ಮನ ಮೈದುನ ಬಸಪ್ಪ ಮಾತ್ರ ತಿಳಿದವನ ಹಾಗೆ ಗಂಟಲು ಸರಿಮಾಡಿಕೊಂಡ.

"ಅತ್ತಿಗೆಮ್ಮ, ಇದನ್ನ ಮಾರಿ ಸಣ್ಣದೊಂದು ತಗೋರಿ. ಹೆಣ್ಮಕ್ಕಳ ಕೈಗೆ ಹಗುರ ಇರತೈತಿ. ಇದರ ಗುಂಡು ಈಗ ಎಲ್ಲೂ ಸಿಗಂಗಿಲ್ಲ. ಇರೋವು ನಮ್ಮಪ್ಪನ ಕಾಲದವು, ಹಾರ್ತಾವೋ ಇಲ್ಲೋ."

ದೊಡ್ಡಮ್ಮ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. "ಸಣ್ಣದು ತೋರಿಸಿದ್ರ ಕಳ್ಳ ಅದು ಆಟಿಕಿಯೋ ಖರೇದೋ ಅಂತ ನೋಡಾಕ ಹತ್ರ ಬರ್ತಾನ. ಇದನ್ನ ನೋಡಿದಾವ ದೂರಾನ ನಿಂದರ್ತಾನ. ಇಟ್ಕೊಳ್ಳೂದು ಹೊಡ್ಯಾಕಲ್ಲಪ್ಪ, ನಿಂದರಸಾಕ."

ಅವಳು ಅದನ್ನು ಒಮ್ಮೆ ಹಾರಿಸಿಯೂ ಇದ್ದಳು. ದೊಡ್ಡಪ್ಪ ಇದ್ದಾಗ ಕಾಲುವೆ ಪಕ್ಕದ ಗದ್ದೆಯಲ್ಲಿ, ಬೇಡವೆಂದರೂ ಹಟ ಹಿಡಿದು ಕೈಗೆ ತೆಗೆದುಕೊಂಡಳಂತೆ. ಗುಂಡು ಎತ್ತ ಹೋಯಿತೋ ದೇವರೇ ಬಲ್ಲ, ಇವಳು ಮಾತ್ರ ಹಿಂದಿದ್ದ ಹುಲ್ಲಿನ ಬಣವೆಯ ಮೇಲೆ ಕುಕ್ಕರಿಸಿದಳು. ಮಣಿಕಟ್ಟು ಬಾತು, ಸುಣ್ಣ ಅರಿಶಿನ ಹಚ್ಚಿಕೊಂಡು ವಾರ ಕಳೆದಳು. ಇನ್ನೊಬ್ಬರಾಗಿದ್ದರೆ ಅದರ ಸಹವಾಸ ಬಿಡುತ್ತಿದ್ದರು. ಇವಳದು ಬೇರೆಯೇ ಲೆಕ್ಕ: "ಹೊಡದಾಕಿಗೇ ಇಷ್ಟು ಪೆಟ್ಟು ಬಿತ್ತಂದ್ರ, ಹೊಡಸ್ಕೊಂಡಾವನ ಗತಿ ಏನಾಗಿರಬೇಕು!"

ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗುವುದೆಂದರೆ ನನಗೆ ಜೀವ ಬಾಯಿಗೆ ಬರುತ್ತಿತ್ತು. ಚೀಲ ನಮ್ಮಿಬ್ಬರ ನಡುವೆ ಇರಬೇಕು, ಪಕ್ಕಕ್ಕೆ ತೂಗುಹಾಕಿದರೆ ಯಾರಾದರೂ ಕಿತ್ತುಕೊಂಡು ಹೋಗುತ್ತಾರೆ. ಹೊಸಪೇಟೆ ದಾಟಿದ ಮೇಲೆ ಬರುವ ಒಂದೊಂದು ರೋಡ್ ಹಂಪ್‌ಗೂ ಅದು ನನ್ನ ಸೊಂಟಕ್ಕೆ ತಿವಿಯುವುದು. "ದೊಡ್ಡಮ್ಮ, ಇದರ ಬಾಯಿ ಯಾವ ಕಡೆ ಐತಿ?" ಎಂದು ಕೇಳಿದರೆ, "ನೀ ರೋಡ್ ನೋಡವ್ವ, ಹಿಂದಿನ ಬೈಕಿನಾಂವ ಆಗಿಂದ ನಮ್ಮನ್ನ ಬಿಟ್ಟಿಲ್ಲ" ಎನ್ನುವಳು. ಪಾಪ, ಆ ಬೈಕಿನವನು ಹಿಂದಿನ ಸೀಟಿನಲ್ಲಿ ಕೋಳಿ ಬುಟ್ಟಿ ಕಟ್ಟಿಕೊಂಡಿದ್ದ. ಹಂಪಿಯ ಗುಡಿಯಲ್ಲಿ ಒಮ್ಮೆ ಆನೆಯಿಂದ ಆಶೀರ್ವಾದ ಮಾಡಿಸೋಣವೆಂದು ಕರೆದುಕೊಂಡು ಹೋದೆ. ಆನೆ ತಲೆ ಮುಟ್ಟುವುದನ್ನು ಬಿಟ್ಟು, ಬಾಳೆಹಣ್ಣಿನ ವಾಸನೆಗೆ ಸೊಂಡಿಲನ್ನು ಸೀದಾ ಚೀಲದೊಳಕ್ಕೆ ಹಾಕಿತು. ದೊಡ್ಡಮ್ಮ ಚೀಲ ತಬ್ಬಿಕೊಂಡು ಕಿರುಚಿದ್ದಕ್ಕೆ ಗುಡಿಯೇ ತಿರುಗಿ ನೋಡಿತು. ಬಜಾರಿನ ಕಲ್ಲುಮಂಟಪದ ನೆರಳಿಗೆ ಬರುವವರೆಗೂ ಅವಳು ಚೀಲದ ಮೇಲಿನ ಕೈ ತೆಗೆಯಲಿಲ್ಲ. "ಆ ಮಾವುತನ ಮುಖ ನೋಡಿದ್ಯೇನು? ಅವನಿಗೆ ಯಾರೋ ಹೇಳ್ಕೊಟ್ಟಾರ" ಎಂದಳು.

ನಾವು ನಗುತ್ತಿದ್ದೆವು. ಆದರೆ ಅವಳ ಹೆದರಿಕೆ ಪೂರಾ ಸುಳ್ಳೇನಲ್ಲ. ತಿಥಿಯಾಗಿ ಸ್ವಲ್ಪ ದಿನಕ್ಕೆ, ಮಟಮಟ ಮಧ್ಯಾಹ್ನ, ಗುರುತಿಲ್ಲದ ಇಬ್ಬರು ಗಿರಣಿಗೆ ಬಂದು ಅವಳ ಎದುರಿನ ಕುರ್ಚಿಗಳಲ್ಲಿ ಕೂತರಂತೆ. "ಒಂಟಿ ಹೆಂಗಸು, ನಿಮಗ್ಯಾಕಮ್ಮ ಈ ಗಿರಣಿ ಉಸಾಬರಿ? ನಾಳೆ ಬೆಲ್ಟಿನಾಗ ಸೀರಿ ಸಿಕ್ಕೊಂಡ್ರ ಯಾರದಾರ?" ಎಂದರಂತೆ. ಮಾತು ಮೆತ್ತಗಿತ್ತು. ದೊಡ್ಡಮ್ಮ ಚೀಲದಿಂದ ರಿವಾಲ್ವರ್ ತೆಗೆದು ಮೇಜಿನ ಮೇಲೆ, ಅಕ್ಕಿಯ ಮಾದರಿ ಪೊಟ್ಟಣಗಳ ಪಕ್ಕದಲ್ಲಿ ಇಟ್ಟಳು. "ಹೇಳ್ರಿ, ಕೇಳಿಸ್ಕೊಂತೀನಿ" ಎಂದಳು. ಅವರು ಹೇಳದೆ ಎದ್ದು ಹೋದರು, ಮತ್ತೆ ಬರಲಿಲ್ಲ. ಇದನ್ನು ಕಣ್ಣಾರೆ ಕಂಡ ಹನುಮಂತ ನನಗೆ ಹೇಳಿದ್ದು. ಆ ದಿನ ಅದು ಇಲ್ಲದಿದ್ದರೆ ಗಿರಣಿ ಉಳಿಯುತ್ತಿರಲಿಲ್ಲ ಎಂದೇ ನಾನೂ ನಂಬಿದ್ದೇನೆ.

ಗಿರಣಿಯ ಆಸೆಗೆ ಅವರನ್ನು ಕಳಿಸಿದ್ದು ಬಸಪ್ಪನೇ ಎಂದು ದೊಡ್ಡಮ್ಮ ತೀರ್ಮಾನಿಸಿಬಿಟ್ಟಳು. "ನಂಬಿದ ಎಮ್ಮಿ ಕೋಣ ಈಯ್ತು" ಎಂದು ಅವನ ಮುಖದ ಮೇಲೇ ಅಂದಳು. ಅವನು ಗುರುವಿನಾಣೆ ಇಟ್ಟ. ಇವಳು ಕೇಳಲಿಲ್ಲ. ಒಂದೇ ಬೀದಿಯ ಎರಡು ಮನೆಗಳ ನಡುವೆ ಮಾತು ಕತೆ, ಹೋಗಿ ಬರುವುದು ಎಲ್ಲ ನಿಂತುಹೋಯಿತು. ಇದರಲ್ಲಿ ಸೊರಗಿದವಳು ಬಸಪ್ಪನ ಹೆಂಡತಿ ನೀಲಮ್ಮ. ಮದುವೆಯಾಗಿ ಬಂದಂದಿನಿಂದ ದೊಡ್ಡಮ್ಮನನ್ನು ಅಕ್ಕ ಎನ್ನುತ್ತಾ ಅವಳ ಸೆರಗಿನಲ್ಲೇ ಇದ್ದವಳು. ಬಸಪ್ಪ ನಿಜವಾಗಿಯೂ ಅವರನ್ನು ಕಳಿಸಿದ್ದನೇ? ನನಗೆ ಇವತ್ತಿಗೂ ಗೊತ್ತಿಲ್ಲ.

ಮುಂದೆ ಕೆಲವು ವರ್ಷಕ್ಕೆ ದೊಡ್ಡಮ್ಮನಲ್ಲಿ ಒಂದು ಬದಲಾವಣೆ ಕಂಡಿತು. ಗಿರಣಿಯ ಹಿತ್ತಲಲ್ಲಿ ಅವಳ ಅತ್ತೆ ನೆಟ್ಟ ಬಿಲ್ವಪತ್ರೆಯ ಮರವಿದೆ. ಆ ಮನೆತನದವರ ಶ್ರಾವಣದ ಪೂಜೆಗೆ ಆ ಮರದ ಪತ್ರೆಯೇ ಆಗಬೇಕು, ಪೇಟೆಯದು ನಡೆಯುವುದಿಲ್ಲ. ಆ ವರ್ಷದಿಂದ ಇದ್ದಕ್ಕಿದ್ದಂತೆ ಶ್ರಾವಣ ಸೋಮವಾರಗಳಂದು ದೊಡ್ಡಮ್ಮನೇ ನಸುಕಿನಲ್ಲೆದ್ದು ಮುಳ್ಳು ಚುಚ್ಚಿಸಿಕೊಂಡು ಪತ್ರೆ ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಹನುಮಂತನ ಕೈಯಲ್ಲಿ ನೀಲಮ್ಮನ ಮನೆಗೆ ಕಳಿಸತೊಡಗಿದಳು. ಸಿಟ್ಟು ಇಳಿಯಿತು ಎಂದು ಎಲ್ಲರಿಗೂ ಸಂತೋಷ. ಆದರೆ ಮದುವೆ ಮುಂಜಿಗಳಲ್ಲಿ ನೀಲಮ್ಮ ಎದುರಾದರೆ ದೊಡ್ಡಮ್ಮ ತಲೆ ತಗ್ಗಿಸಿ ಇನ್ನೊಂದು ಬಾಗಿಲಿನಿಂದ ಹೋಗಿಬಿಡುತ್ತಿದ್ದಳು. ಯಾರಿಗೂ ಕಣ್ಣು ತಗ್ಗಿಸದ ಹೆಂಗಸು. ಇದರಲ್ಲೇನೋ ಇದೆ ಎಂದು ನನಗೆ ಅನ್ನಿಸುತ್ತಿತ್ತು, ಅನುಮಾನ ನಮ್ಮ ವಂಶದಲ್ಲೇ ಬಂದದ್ದು.

ಕಡೆಯ ಸಲ ಅವಳು ಕಾಯಿಲೆಯಾಗಿ ಹೊಸಪೇಟೆಯ ನಮ್ಮ ಮನೆಯಲ್ಲಿ ಉಳಿದಿದ್ದಳು. ನಾನು ಕೊಟ್ಟ ಗಂಜಿಯನ್ನು ಮೂಸದೆ ಕುಡಿದಾಗಲೇ ನನಗೆ ಹೆದರಿಕೆಯಾಯಿತು. ಒಂದು ಸಂಜೆ, ಮನೆಗೆ ಚಿಕ್ಕಮಕ್ಕಳು ಬಂದುಹೋಗುತ್ತಾರೆ, ಆ ಚೀಲವನ್ನು ಬೀರುವಿನಲ್ಲಿಟ್ಟು ಬೀಗ ಹಾಕಲೇ ಎಂದು ಕೇಳಿದೆ.

"ತಗದು ನೋಡು" ಎಂದಳು.

ಒಳಗಿದ್ದದ್ದು ಅಡಿಕೆ ಕುಟ್ಟುವ ಕಬ್ಬಿಣದ ಕುಟ್ಟಾಣಿ, ಟವೆಲ್ಲಿನಲ್ಲಿ ಸುತ್ತಿತ್ತು.

"ಅದು ಹೋಗಿ ಭಾಳ ವರ್ಷ ಆತು. ಎಲೆಕ್ಷನ್ ಬಂದಾಗ ಬಂದೂಕು ಇದ್ದವ್ರೆಲ್ಲಾ ಠಾಣ್ಯಾಗ ಇಡಬೇಕಲ್ಲ, ನಾನೂ ಇಟ್ಟೆ. ಎಲೆಕ್ಷನ್ ಮುಗಿದ ಮ್ಯಾಲೆ, ಬ್ಯಾಡ್ರಿ, ಲೈಸೆನ್ಸೂ ನೀವ ಇಟ್ಕೋರಿ ಅಂತ ಬರ್ಕೊಟ್ಟು ಬಂದೆ."

"ಠಾಣೆಯವರಿಗೆ ಗೊತ್ತಲ್ಲ ಮತ್ತ?"

"ಠಾಣ್ಯಾಗಿನವ್ರು ವರ್ಗ ಆಗಿ ಹೋಗ್ತಾರ. ಊರಿನವ್ರು ಇಲ್ಲೇ ಇರ್ತಾರ. ಚೀಲ ಜೋತಿರೋದು ಅವ್ರಿಗೆ ಕಂಡ್ರ ಸಾಕು, ಗಿರಣಿ ತಂಟೆಗೆ ಬರಂಗಿಲ್ಲ."

ಯಾಕೆ ಕೊಟ್ಟೆ ಎಂದು ಕೇಳಿದೆ. ಕುಟ್ಟಾಣಿಯನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತುತ್ತಾ ಹೇಳಿದಳು.

"ಶ್ರಾವಣ ಸೋಮವಾರ. ಆಗಷ್ಟ ಬೆಳಕು ಹರೀತಿತ್ತು. ಹಿತ್ತಲದಾಗ ಟೊಂಗಿ ಅಳ್ಳಾಡ್ತು. ಯಾರೋ ಮುಸುಕು ಹಾಕ್ಕೊಂಡು ಬೆನ್ನು ಮಾಡಿ ನಿಂತಿದ್ರು, ಕೈಯಾಗ ಏನೋ ಹೊಳೀತು. ಯಾರದು ಅಂತ ಕೂಗಬೇಕಿತ್ತು. ಕೂಗ್ಲಿಲ್ಲ. ಎರಡೂ ಕೈಲೆ ಹಿಡ್ಕೊಂಡು ಒತ್ತೇಬಿಟ್ಟೆ."

"ಅಯ್ಯೋ ದೊಡ್ಡಮ್ಮ!"

"ಟಕ್ ಅಂತು, ಅಷ್ಟ. ಮಾವನ ಕಾಲದ ಗುಂಡು, ಹಾರ್ಲಿಲ್ಲ. ಮುಸುಕಿನಾಕಿ ತಿರುಗಿ ನೋಡಿದ್ರ ನಮ್ಮ ನೀಲಾ. ಕೈಯಾಗ ಹಿತ್ತಾಳಿ ತಟ್ಟಿ. 'ಅಕ್ಕಾರ, ಪತ್ರಿಗೆ ಬಂದಿದ್ದೆ, ತಪ್ಪಾತ್ರೀ' ಅಂದ್ಳು. ಅಕಿಗೆ ಆ ಸಪ್ಪಳ ಏನಂತ ಗೊತ್ತಾಗ್ಲಿಲ್ಲ. ನಾ ಬರೇ ಹೆದರಸಾಕ ಹಿಡಿದೀನಿ ಅಂದ್ಕೊಂಡ್ಳು. ಒಂದು ಮಾತೂ ಆಡ್ದ ಒಳಗ ಬಂದೆ."

ಅವಳ ಮೇಲೆ ಸಿಟ್ಟು ಬಂತು, ಅದರ ಬೆನ್ನಿಗೇ ಅಳು ಬಂತು.

"ಹಾಲಿನಾಂವ, ಹಮಾಲಿ, ಮೈದುನ, ಎಲ್ಲಾರ ಮ್ಯಾಲೂ ಅನುಮಾನ ಪಟ್ಟೆ. ನನ್ನ ಕೈ ಮ್ಯಾಲೆ ಒಂದಿನಾನೂ ಪಡ್ಲಿಲ್ಲ ನೋಡು" ಎಂದಳು. ಆಮೇಲೆ ನನ್ನ ಮುಂಗೈ ಹಿಡಿದು, "ನೀಲಾಗ ಹೇಳಬ್ಯಾಡ. ಅಕಿ ಇನ್ನ ನಿದ್ದಿ ಮಾಡಬೇಕಲ್ಲ" ಎಂದಳು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ತಿಂಗಳೊಳಗೆ ಹೋಗಿಬಿಟ್ಟಳು. ಅವಳ ಆಸೆಯಂತೆ ಗಿರಣಿಯ ಅಂಗಳದಲ್ಲೇ ಅವಳನ್ನು ಕೂರಿಸಿ, ವಿಭೂತಿ ಹಚ್ಚಿ, ಹೊಲಕ್ಕೆ ಕೊಂಡೊಯ್ದು ಮಣ್ಣು ಮಾಡಿದೆವು. ಬಸಪ್ಪನೇ ಮುಂದೆ ನಿಂತು ಎಲ್ಲ ಮಾಡಿದ. ತಿರುಗಿ ಬಂದು ಕೈಕಾಲು ತೊಳೆಯುವಾಗ ನೀಲಮ್ಮ ನನ್ನನ್ನು ಗೋಡೆ ಬದಿಗೆ ಕರೆದಳು. ಅತ್ತು ಅತ್ತು ಕಣ್ಣು ಊದಿದ್ದವು.

"ಕೂಸ, ನಿಮ್ಮ ದೊಡ್ಡಮ್ಮ ನನ್ನ ಕ್ಷಮಿಸದ ಹೋದ್ರು. ಒಂದು ಹಿಡಿ ಪತ್ರಿ ಕೇಳದ ಹರಕೊಂಡಿದ್ದೆ, ಅಷ್ಟಕ್ಕ ಸಾಯೋ ತನಕ ನನ್ನ ಮುಖ ನೋಡ್ಲಿಲ್ಲ."

"ಹಂಗಲ್ಲ ಚಿಕ್ಕಮ್ಮ. ನಿಮ್ಮ ಮ್ಯಾಲೆ ಸಿಟ್ಟಿದ್ರ ವರ್ಷಾ ವರ್ಷಾ ಪತ್ರಿ ಯಾಕ ಕಳಸ್ತಿದ್ರು?"

ನೀಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನೇ ನೋಡಿದಳು.

"ನಿನಗ ತಿಳಿಯಂಗಿಲ್ಲ ಬಿಡವ್ವ. ನಾ ಮತ್ತ ಅವ್ರ ಹಿತ್ತಲದಾಗ ಕಾಲಿಡಬಾರ್ದು ಅಂತ ಕಳಸ್ತಿದ್ರು."