ಕ್ಲಿಂಗರ್ ಬ್ರೆಡ್ಡಿನ ಅರವತ್ತು ಆಟಗಾರರು

ಎಮಿಲ್ ಸ್ಲಾಬಿ ಕುರ್ಚಿಯ ಮೇಲೆ ಹತ್ತು ನಿಮಿಷ ನೆಟ್ಟಗೆ ಕೂತಿದ್ದನ್ನು ನಾನಂತೂ ನೋಡಿದವನಲ್ಲ. ಸಸ್ಕ್ವೆಹಾನಾ ನದಿಯ ದಂಡೆಯ ನಮ್ಮೂರಿನಲ್ಲಿ, ಅಗ್ನಿಶಾಮಕ ದಳದ ಸಭಾಂಗಣದಲ್ಲಿ ತಿಂಗಳಿಗೊಂದು ಭಾನುವಾರ ಹಳೆಯ ಬೇಸ್‌ಬಾಲ್ ಕಾರ್ಡುಗಳ ಸಂತೆ ನಡೆಯುತ್ತಿತ್ತು. ಅವನ ಪಕ್ಕದ ಮೇಜು ನನ್ನದು. ನಾನು ಹಳೆಯ ಪೋಸ್ಟ್‌ಕಾರ್ಡು ಮಾರುವವನು, ಹೆಸರು ಮರ್ಲ್. ಅವನು ಎದ್ದು ಮೇಜಿನ ಸುತ್ತ ಒಂದು ಸುತ್ತು ಹಾಕಿ, ಬೀಗದಕೈ ಝಣಝಣಿಸಿ, ಕಿಟಕಿಗೆ ಹೋಗಿ ಬಂದು ಕೂತು ಮತ್ತೆ ಏಳುವಷ್ಟರಲ್ಲಿ ನನಗೆ ತಲೆ ಸುತ್ತುತ್ತಿತ್ತು. "ಕೂತ್ಕೊಳೋ ಮಾರಾಯ, ನಿನ್ನ ಕುರ್ಚೀಲಿ ಮುಳ್ಳಿದೆಯಾ?" ಎಂದರೆ "ಕೂತ್ರೆ ಯೋಚನೆ ಓಡಲ್ಲ ಕಣೋ" ಎನ್ನುವನು.

ಮೂವತ್ತೆಂಟು ವರ್ಷ, ಕಲ್ಲಿನ ಮೇಲೆ ಚಿತ್ರ ಬಿಡಿಸಿ ಅಚ್ಚು ಹಾಕುವ ಕಲ್ಲಚ್ಚಿನ ಮುದ್ರಣಾಲಯದಲ್ಲಿ ದುಡಿದವನು. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಉಳಿದಿದ್ದು ಒಂದೇ ಹುಚ್ಚು. ನೂರು ವರ್ಷದ ಹಿಂದೆ ಸಿಗರೇಟು, ಮಿಠಾಯಿ, ಬ್ರೆಡ್ಡಿನ ಪೊಟ್ಟಣಗಳಲ್ಲಿ ಆಟಗಾರರ ಚಿತ್ರದ ಕಾರ್ಡು ಇಟ್ಟು ಕೊಡುತ್ತಿದ್ದರು. ಅವುಗಳ ಮೇಲೆ ಇಸವಿ ಹಾಕಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಯಾಕೆ? ಆ ವಾರ ಬ್ರೆಡ್ಡು ತಿಂದವನಿಗೆ ಅದು ಯಾವ ವರ್ಷ ಎಂದು ಗೊತ್ತೇ ಇತ್ತಲ್ಲ. ಗೊತ್ತಿಲ್ಲದ ನಾವು ಈಗ ತಲೆ ಚಚ್ಚಿಕೊಳ್ಳಬೇಕು. ಒಂದು ಸರಣಿ ಯಾವ ವರ್ಷದ್ದು ಎಂದು ಬಿಡಿಸಿ ಹೇಳುವುದರಲ್ಲಿ ಎಮಿಲ್‌ನ ಮುಂದೆ ಯಾರೂ ಇರಲಿಲ್ಲ.

ಅವನ ಲೆಕ್ಕ ಸರಳ. ಒಬ್ಬ ಆಟಗಾರ ಹೊಸ ತಂಡದ ಟೋಪಿ ತೊಟ್ಟಿದ್ದರೆ ಆ ತಂಡಕ್ಕೆ ಅವನು ಸೇರಿದ ದಿನಕ್ಕಿಂತ ಮುಂಚೆ ಆ ಕಾರ್ಡು ಹುಟ್ಟಿರಲು ಸಾಧ್ಯವಿಲ್ಲ. ಮುಂದೆ ತಂಡ ಬಿಟ್ಟುಹೋದ ಇನ್ನೊಬ್ಬ ಹಳೆಯ ಟೋಪಿಯಲ್ಲೇ ಇದ್ದರೆ, ಬಿಟ್ಟ ದಿನಕ್ಕಿಂತ ಆಮೇಲೆ ಹುಟ್ಟಿರಲಾರದು. ಹೀಗೆ ಎರಡೂ ಕಡೆಯಿಂದ ಬೇಲಿ ಹಾಕುತ್ತಾ ಬಂದು, ಕೊನೆಗೆ ಹಳೆಯ ಪತ್ರಿಕೆಯಲ್ಲಿ ಕಂಪನಿಯ ಜಾಹೀರಾತು ಹುಡುಕಿ ಮೊಳೆ ಹೊಡೆದುಬಿಡುತ್ತಿದ್ದ. ೧೯೭೩ರಲ್ಲಿ ಸಂಗ್ರಾಹಕರ ಪತ್ರಿಕೆಗೆ ಅವನು ಬರೆದ ಮೊದಲ ಲೇಖನ ನಮ್ಮೂರಿನದೇ ಕ್ಲಿಂಗರ್ ಬೇಕರಿಯ ಅರವತ್ತು ಕಾರ್ಡುಗಳ ಮೇಲೆ. ೧೯೧೨ರ ಜೂನ್ ತಿಂಗಳ ಜಾಹೀರಾತೊಂದು ಅವನಿಗೆ ಸಿಕ್ಕಿತ್ತು. "ಈ ಅರವತ್ತೂ ಜನ ೧೯೧೨ರ ಬೇಸಿಗೆಯಲ್ಲಿ ಆಡುತ್ತಿದ್ದವರು" ಎಂದು ಎದೆ ತಟ್ಟಿ ಬರೆದ. ಊರಿನ ದಿನಪತ್ರಿಕೆ ಅದನ್ನೇ ಎತ್ತಿ ಹಾಕಿತು. ಬೆಲೆಪಟ್ಟಿಯ ಪುಸ್ತಕಗಳೆಲ್ಲ ಅದನ್ನೇ ನಂಬಿದವು.

ಇಪ್ಪತ್ತು ವರ್ಷದ ಮೇಲೆ, ಮಾರ್ಚ್ ತಿಂಗಳ ಒಂದು ಭಾನುವಾರ, ಕೋಲೂರಿಕೊಂಡು ಒಬ್ಬ ಮುದುಕಿ ಅವನ ಮೇಜಿನ ಮುಂದೆ ಬಂದು ನಿಂತಳು. ವರ್ನಾ ಹಾಸ್. ಮದುವೆಯಾಗದೆ ರೇಷ್ಮೆ ಗಿರಣಿಯಲ್ಲಿ ನಲವತ್ತು ವರ್ಷ ದುಡಿದವಳು, ನನಗೆ ಮುಖಪರಿಚಯ ಇತ್ತು. ಕೈಚೀಲದಿಂದ ಒಂದು ಕಾರ್ಡು ತೆಗೆದಿಟ್ಟಳು. ಟ್ರೆಂಟನ್ ತಂಡದ ಟೋಪಿ, ಅಗಲ ಕಿವಿ, ನಗುವ ಮುಖ. ಕೆಳಗೆ ಲಾಯ್ಡ್ ಹಾಸ್ ಎಂಬ ಹೆಸರು.

"ಇದರ ಇಸವಿ ಹೇಳಿದೋರು ನೀವೇ ತಾನೆ?"

"ನಾನೇ. ಕ್ಲಿಂಗರ್ ಬ್ರೆಡ್, ಸಾವಿರದ ಒಂಬೈನೂರ ಹನ್ನೆರಡು," ಎಂದ ಎಮಿಲ್, ಕಾರ್ಡು ಮುಟ್ಟುವ ಮೊದಲೇ.

"ಖಂಡಿತಾನಾ?"

"ನಾಳೆ ಸೂರ್ಯ ಹುಟ್ಟೋದು ಎಷ್ಟು ಖಂಡಿತಾನೋ ಅಷ್ಟು."

"ಇವರು ನಮ್ಮಪ್ಪ," ಎಂದಳು ಅವಳು. "ಹನ್ನೆರಡನೇ ಇಸವಿ ಮಾರ್ಚ್‌ನಲ್ಲಿ ಮಂಜುಗಡ್ಡೆ ಮೇಲೆ ನದಿ ದಾಟ್ತೀನಿ ಅಂತ ಹೋದೋರು ವಾಪಸ್ ಬರ್ಲಿಲ್ಲ. ನಂಗಾಗ ಮೂರು ವರ್ಷ. ಅವತ್ತೇ ಗಡ್ಡೆ ಒಡೀತಂತೆ. ಹೆಣ ಸಿಗ್ಲಿಲ್ಲ. ಆಮೇಲೆ ನೀವು ಬರೆದಿದ್ದು ಓದಿದೆ. ಮಾರ್ಚ್‌ನಲ್ಲಿ ಮುಳುಗಿದೋರು ಬೇಸಿಗೇಲಿ ಹೆಂಗ್ರೀ ಆಡ್ತಾರೆ? ಓಡಿಹೋಗಿದ್ರು ಅಂತ ಗೊತ್ತಾಯ್ತು. ಗೋಡೆ ಮೇಲಿದ್ದ ಫೋಟೋ ಕಿತ್ತು ನೆಲಮಾಳಿಗೆಗೆ ಎಸೆದೆ. ಇಪ್ಪತ್ತು ವರ್ಷದಿಂದ ಶಾಪ ಹಾಕ್ತಿದ್ದೀನಿ. ನಂಗೀಗ ಎಂಬತ್ನಾಲ್ಕು. ಸಾಯೋ ಮುಂಚೆ ಇನ್ನೊಂದ್ಸಲ ಕೇಳೋಣ ಅಂತ ಬಂದೆ."

ಎಮಿಲ್ ಕಾರ್ಡು ಎತ್ತಿಕೊಂಡ. "ಅಮ್ಮಾ, ಒಂದು ಸಲ ನೋಡ್ತೀನಿ ತಾಳಿ" ಎಂದ. ಅವಳು ವಿಳಾಸ, ಫೋನ್ ನಂಬರ್ ಬರೆದುಕೊಟ್ಟು ಹೋದಳು. ಕಾರ್ಡು ಅಲ್ಲೇ ಬಿಟ್ಟು ಹೋಗಿದ್ದಳು.

ಆ ಇಡೀ ವಾರ ಅವನಿಗೆ ನೆಮ್ಮದಿ ಇಲ್ಲ, ಅವನಿಂದ ನನಗೂ ಇಲ್ಲ. ದಿನಕ್ಕೆ ಮೂರು ಸಲ ಫೋನು. "ಮರ್ಲ್, ಹನ್ನೆರಡರಲ್ಲಿ ಹಾಸ್ ಆಡಿದ್ದಕ್ಕೆ ಒಂದು ಪಂದ್ಯದ ದಾಖಲೆನೂ ಇಲ್ಲ ಕಣೋ." ಚಿಕ್ಕ ಲೀಗುಗಳ ದಾಖಲೆ ಅರ್ಧಂಬರ್ಧ ಎಂದು ಇವನೇ ಸಾವಿರ ಸಲ ಹೇಳಿದವನು. ನಾನು ಅದನ್ನು ನೆನಪಿಸಿದರೆ ಫೋನು ಇಟ್ಟುಬಿಟ್ಟ. ನನಗೂ ರೇಗಿತು. ಮಾಡಿದ ಎಡವಟ್ಟು ಇವನದು, ನಿದ್ದೆ ಕೆಡುವುದು ಮಾತ್ರ ನನ್ನದು.

ಶುಕ್ರವಾರ ಬೆಳಿಗ್ಗೆ ಅವನ ಮನೆಗೇ ಹೋದೆ. ಅಡುಗೆಮನೆಯ ಮೇಜಿನ ಮೇಲೆ ಅರವತ್ತೂ ಕಾರ್ಡು ಬೆನ್ನು ಮೇಲಾಗಿ ಹರಡಿದ್ದವು. ಪಕ್ಕದಲ್ಲಿ ಕಾಫಿ ಆರಿ ಕೆನೆಗಟ್ಟಿತ್ತು.

"ನೋಡು ಇಲ್ಲಿ," ಎಂದು ಭೂತಗನ್ನಡಿ ನನ್ನ ಕೈಗೆ ತುರುಕಿದ. ಬೆನ್ನ ಮೇಲಿನ ಚೌಕಟ್ಟಿನ ಗೆರೆ, ಕೆಳಗಿನ ಬಲಮೂಲೆಯಲ್ಲಿ ಒಂದಿಷ್ಟು ತುಂಡಾಗಿತ್ತು. "ಅಚ್ಚಿನ ಕಲ್ಲಿನ ಚಕ್ಕೆ ಎದ್ದಿದೆ. ಒಂದ್ಸಲ ಎದ್ದ ಚಕ್ಕೆ ಮತ್ತೆ ಕೂಡಲ್ಲ. ಈ ಮೂವತ್ತರಲ್ಲಿ ಗೆರೆ ತುಂಡು. ಆ ಮೂವತ್ತರಲ್ಲಿ ಇಡಿಯಾಗಿದೆ. ಅಂದ್ರೆ ಆ ಮೂವತ್ತು ಮೊದ್ಲು ಅಚ್ಚಾಗಿದೆ. ಹಾಸ್ ಆ ಮೂವತ್ತರಲ್ಲಿದ್ದಾನೆ." ತಲೆ ಚಚ್ಚಿಕೊಂಡ. "ಮೂವತ್ತೆಂಟು ವರ್ಷ ಕಲ್ಲು ಉಜ್ಜಿದೋನು ನಾನು. ಮುಂದಿನ ಟೋಪಿ ನೋಡ್ಕೊಂಡು ಕೂತೆ, ಹಿಂದಿನ ಗೆರೆ ನೋಡ್ಲಿಲ್ಲ."

"ಮೊದ್ಲು ಅಂದ್ರೆ ಎಷ್ಟು ಮೊದ್ಲು? ಒಂದು ವಾರವೋ, ಒಂದು ವರ್ಷವೋ?"

"ಅದೇ ಗೊತ್ತಾಗ್ಬೇಕು. ಕಾರ್ ತೆಗಿ."

ಗ್ರಂಥಾಲಯದಲ್ಲಿ ಹಳೆಯ ದಿನಪತ್ರಿಕೆಯ ಫಿಲ್ಮು ಸುರುಳಿಗಳಿವೆ. ಎಮಿಲ್ ೧೯೧೧ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಪುಟ ಪುಟ ತಿರುಗಿಸಿದ. ಹಾಸ್ ಆಗಸ್ಟ್ ಕೊನೆಗೆ ಟ್ರೆಂಟನ್ ಸೇರಿದ ಸುದ್ದಿ ಸಿಕ್ಕಿತು. ಕ್ಲಿಂಗರ್ ಕಾರ್ಡಿನ ಸುದ್ದಿ ಇಲ್ಲ. ಮುಂದಿನ ಸುರುಳಿ ಅಂತ ಅವನು ಎತ್ತಿಕೊಂಡಿದ್ದು ೧೯೧೨ರ ಏಪ್ರಿಲ್‌ದು.

"ಮಧ್ಯದ್ದೆಲ್ಲಿ?" ಎಂದೆ.

"ಯಾವ ಮಧ್ಯದ್ದು?"

"ಅಕ್ಟೋಬರ್, ನವೆಂಬರ್, ಡಿಸೆಂಬರ್..."

"ಅವಾಗ ಆಟ ಎಲ್ಲಿರುತ್ತೋ ದಡ್ಡ? ಚಳಿಗಾಲದಲ್ಲಿ ಯಾರು ಬೇಸ್‌ಬಾಲ್ ಆಡ್ತಾರೆ?"

"ಆಟ ಇರಲ್ಲ ಸರಿ. ಚಳಿಗಾಲದಲ್ಲಿ ಜನ ಬ್ರೆಡ್ ತಿನ್ನಲ್ವೇನೋ?"

ಎಮಿಲ್ ಕೈಲಿದ್ದ ಸುರುಳಿಯನ್ನು ಕೆಳಗಿಟ್ಟ. ನಾಚಿಕೆಯಿಂದ ಅವನ ಕಿವಿ ಕೆಂಪಾಯಿತು. ನಮ್ಮ ಮಂದಿಯ ರೋಗವೇ ಇದು. ನಮಗೆ ವರ್ಷ ಎಂದರೆ ಏಪ್ರಿಲ್‌ಗೆ ಶುರು, ಸೆಪ್ಟೆಂಬರ್‌ಗೆ ಮುಗೀತು. ಉಳಿದ ತಿಂಗಳುಗಳಲ್ಲಿ ಲೋಕ ನಡೆಯುತ್ತದೆ ಎಂಬುದೇ ಮರೆತುಹೋಗಿರುತ್ತದೆ. ಇಪ್ಪತ್ತು ವರ್ಷ ಅವನು ಆ ಸುರುಳಿಗಳನ್ನು ಪೆಟ್ಟಿಗೆಯಿಂದ ಹೊರಗೇ ತೆಗೆದಿರಲಿಲ್ಲ.

೧೯೧೧ರ ಡಿಸೆಂಬರ್ ಒಂಬತ್ತು, ಶನಿವಾರ, ಏಳನೆಯ ಪುಟ. ಕ್ಲಿಂಗರ್ ಬೇಕರಿಯ ಕ್ರಿಸ್‌ಮಸ್ ಜಾಹೀರಾತು. ಪ್ರತಿ ಬ್ರೆಡ್ಡಿನ ಜೊತೆ ಒಬ್ಬ ಆಟಗಾರ, ಮೂವತ್ತೂ ಕೂಡಿಸಿ ತಂದ ಮಕ್ಕಳಿಗೆ ಒಂದು ಚೆಂಡು. ಕೆಳಗೆ ಮೂವತ್ತು ಹೆಸರುಗಳ ಪಟ್ಟಿ. ಹನ್ನೊಂದನೆಯದು ಲಾಯ್ಡ್ ಹಾಸ್. ಅಂದರೆ ಅವನು ನದಿಗೆ ಹೋಗುವುದಕ್ಕೆ ಮೂರು ತಿಂಗಳು ಮೊದಲೇ ಆ ಚಿತ್ರ ಊರಿನ ಮನೆಮನೆ ಸೇರಿತ್ತು. ಜೂನ್‌ನ ಜಾಹೀರಾತು ಎರಡನೆಯ ಮೂವತ್ತರದ್ದು.

"ಸಿಕ್ತು!" ಎಂದು ಎಮಿಲ್ ಕೂಗಿದ್ದಕ್ಕೆ ಗ್ರಂಥಾಲಯದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಪ್ರತಿ ತೆಗೆಸಿಕೊಂಡು ಆಗಲೇ ಹೊರಡಬೇಕೆಂದು ಹಟ ಹಿಡಿದ. ದಾರಿಯುದ್ದಕ್ಕೂ ಹೇಳಿದ್ದೇ ಹೇಳಿದ. "ಅಪ್ಪ ಓಡಿಹೋಗಿಲ್ಲ ಅಂತ ಗೊತ್ತಾದ್ರೆ ಎಷ್ಟು ಖುಷಿಪಡ್ತಾಳೆ ಮರ್ಲ್!" ನಾನು ಕಾರು ಓಡಿಸಿದೆ.

ವರ್ನಾ ಬಾಗಿಲು ತೆರೆದು ನನ್ನತ್ತ ನೋಡಿ, "ನೀನ್ಯಾರಪ್ಪ? ಪೋಸ್ಟ್‌ಕಾರ್ಡಿನೋನಾ? ಬಾ" ಎಂದಳು. ಎಮಿಲ್ ಕೂರಲಿಲ್ಲ. ಪ್ರತಿಯನ್ನೂ ಕಾರ್ಡನ್ನೂ ಅವಳ ಮುಂದಿಟ್ಟು, ಓಡಾಡುತ್ತಲೇ ಎಲ್ಲ ಹೇಳಿದ. ಕಲ್ಲಿನ ಚಕ್ಕೆ, ಚಳಿಗಾಲದ ಸುರುಳಿ, ಹನ್ನೊಂದನೆಯ ಹೆಸರು. "ನಾನು ಬರೆದಿದ್ದು ತಪ್ಪು ವರ್ನಾ ಅವರೇ. ನನ್ನನ್ನ ಕ್ಷಮಿಸಿಬಿಡಿ. ನಿಮ್ಮಪ್ಪ ಬೇಸಿಗೇಲಿ ಆಡಿದ್ರು ಅನ್ನೋಕೆ ಯಾವ ಆಧಾರನೂ ಇಲ್ಲ."

ಅವಳು ಪಟ್ಟಿಯ ಹನ್ನೊಂದನೆಯ ಹೆಸರಿನ ಮೇಲೆ ಬೆರಳಿಟ್ಟಳು. "ಅಂದ್ರೆ ನದಿಗೇ ಬಿದ್ರು."

"ಅದನ್ನ ನಾನು ಹೇಳೋಕಾಗಲ್ಲ. ಚಿತ್ರ ಮೊದ್ಲೇ ಬಂದಿತ್ತು ಅಂತ ಅಷ್ಟೇ ಹೇಳಬಲ್ಲೆ."

"ಓಡಿಹೋದ್ರು ಅನ್ನೋಕೆ ಬೇರೆ ಏನಾದ್ರೂ ಇದೆಯಾ?"

"ಇಲ್ಲ."

"ಹಂಗಾದ್ರೆ ನದಿನೇ." ಅವಳು ಕನ್ನಡಕ ತೆಗೆದಳು. "ನಿಮ್ಮ ಬರಹ ಬಂದಾಗ ಅಮ್ಮ ಇನ್ನೂ ಇದ್ಲು. ಎಂಬತ್ತೈದು, ಹಾಸಿಗೆ ಹಿಡಿದಿದ್ಲು. ನಾನು ಹೋಗಿ ಮುಖಕ್ಕೆ ಹೇಳ್ಬಿಟ್ಟೆ. ನಿನ್ನ ಗಂಡ ಸತ್ತಿರಲಿಲ್ಲ, ನಮ್ಮನ್ನ ಬಿಟ್ಟು ಓಡಿದ್ದ ಅಂತ. ಅಳ್ತಾಳೆ ಅಂದ್ಕೊಂಡಿದ್ದೆ. ನಕ್ಕಳು. 'ನೀರು ಎಷ್ಟು ತಣ್ಣಗಿತ್ತೋ ಅಂತ ಅರವತ್ತು ವರ್ಷ ಕೊರಗಿದೆ ಕಣೇ. ಸದ್ಯ, ಬಿಸಿಲಲ್ಲಿ ಆಡ್ತಾ ಇದ್ರಲ್ಲ' ಅಂದ್ಲು. ನಂಗೆ ಮೈಯೆಲ್ಲಾ ಉರಿದುಹೋಯ್ತು. ಅವಳು ಅದೇ ನೆಮ್ಮದೀಲಿ ಆರು ವಾರಕ್ಕೆ ಕಣ್ಣು ಮುಚ್ಚಿದ್ಲು."

ಎಮಿಲ್‌ನ ಮುಖ ಬಿಳುಚಿತು. ಪಾಪ, ಸಂತೋಷ ಹೊತ್ತು ತಂದೆನೆಂದುಕೊಂಡವನು ಸಾವಿನ ಸುದ್ದಿ ತಂದಿದ್ದ. ನನಗೆ ಅವನ ಮೇಲೆ ಇದ್ದ ಸಿಟ್ಟೆಲ್ಲ ಇಳಿದುಹೋಯಿತು.

"ನೀವು ಬೇಡ ಅಂದ್ರೆ ತಿದ್ದುಪಡಿ ಬರೆಯಲ್ಲ," ಎಂದ. ಒಂದು ತಪ್ಪು ಇಸವಿ ಕಂಡರೆ ಊಟ ಬಿಡುವವನ ಬಾಯಲ್ಲಿ ಈ ಮಾತು ನಾನು ಕೇಳಿದ್ದು ಅದೊಂದೇ ಸಲ. "ಹನ್ನೆರಡು ಅಂತಾನೇ ಇರಲಿ. ಮರ್ಲ್ ಎಲ್ಲೂ ಬಾಯಿ ಬಿಡಲ್ಲ."

"ಛೆ, ಬರೀರಿ," ಎಂದಳು ವರ್ನಾ. "ಅಮ್ಮಂಗೆ ಬೇಕಾಗಿದ್ದು ಅಮ್ಮಂಗೆ ಸಿಕ್ತು. ಇದು ನಂಗೆ ಬೇಕಿತ್ತು. ಮರ್ಲ್, ನೆಲಮಾಳಿಗೇಲಿ ಫೋಟೋ ಇರತ್ತೆ, ಹೋಗಿ ತಂದುಕೊಡ್ತೀಯಾ? ನನ್ನ ಮಂಡಿ ಕೇಳಲ್ಲ."

ನಾನು ಧೂಳು ಒರೆಸಿ ತಂದುಕೊಟ್ಟೆ. ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು, "ಆಗ ಎಷ್ಟು ವಯಸ್ಸು ಇವರಿಗೆ?" ಎಂದು ಎಮಿಲ್‌ನನ್ನು ಕೇಳಿದಳು.

"ಇಪ್ಪತ್ತಾರು."

"ಇಪ್ಪತ್ತಾರಾ?" ಅವಳ ಕಣ್ಣಿಂದ ನೀರು ಧಾರೆಯಾಗಿ ಇಳಿಯತೊಡಗಿತು. ಒರೆಸಿಕೊಳ್ಳಲಿಲ್ಲ. ಅಗಲ ಕಿವಿಯ ಆ ಮುಖವನ್ನು ಹೆಬ್ಬೆರಳಿನಿಂದ ಸವರುತ್ತಾ, "ಅಯ್ಯೋ, ಇನ್ನೂ ಮಗು ಕಣ್ರೀ ಇದು," ಎಂದಳು. "ಆ ನೀರಲ್ಲಿ ಎಷ್ಟು ಚಳಿ ಆಯ್ತೋ ಏನೋ."